ಎಡಿಟಿಂಗ್‌ನ ಉಗ್ರಾಣ: ಯಾವ ಫೈಲ್ ಎಲ್ಲಿಡಬೇಕು, ಯಾವುದನ್ನು ಅಳಿಸಬಹುದು

ಒಂದು ಮಳೆಗಾಲದಲ್ಲಿ ಕುಮಟೆಯ ಹುಡುಗನೊಬ್ಬ ದೇವಿಮನೆ ಘಟ್ಟ ಹತ್ತಿ ಶಿರಸಿಗೆ, ನನ್ನ ಎಡಿಟಿಂಗ್ ಕೋಣೆಗೆ ಬಂದ. ಕೈಯಲ್ಲಿ ಎರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಹಾರ್ಡ್ ಡಿಸ್ಕ್. ಅವನೂರಿನ ಯಕ್ಷಗಾನ ಬಯಲಾಟವನ್ನು ಮೂರು ಕ್ಯಾಮೆರಾ ಇಟ್ಟು ರಾತ್ರಿಯಿಡೀ ಚಿತ್ರೀಕರಿಸಿದ್ದ. ಎರಡು ತಿಂಗಳು ಕೂತು ಎಡಿಟ್ ಮಾಡಿದ್ದ. ಅವನ ಲ್ಯಾಪ್‌ಟಾಪ್ ಹಳೆಯದು. ಕೊನೆಯ ರೆಂಡರ್ (ಎಡಿಟ್ ಆದದ್ದನ್ನೆಲ್ಲ ಒಂದೇ ವಿಡಿಯೋ ಫೈಲ್ ಮಾಡುವುದು) ಮಾತ್ರ ನನ್ನ ಕಂಪ್ಯೂಟರಿನಲ್ಲಿ ಮಾಡಿಕೊಂಡು ಹೋಗೋಣ ಅಂತ ಬಂದಿದ್ದ.

ಪ್ರಾಜೆಕ್ಟ್ ತೆರೆದೆವು. ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸಿದ ಟೈಮ್‌ಲೈನ್ ಬಂತು, ಕಟ್‌ಗಳೆಲ್ಲ ಇದ್ದವು, ಹೆಸರಿನ ಪಟ್ಟಿಗಳೂ ಇದ್ದವು. ಚಿತ್ರ ಮಾತ್ರ ಇಲ್ಲ. ಪರದೆ ತುಂಬ ಕೆಂಪು, ಅದರ ಮೇಲೆ 'ಮೀಡಿಯಾ ಆಫ್‌ಲೈನ್'.

"ಅಣ್ಣಾ, ನಿನ್ನೆ ರಾತ್ರಿ ಎಲ್ಲ ಸರಿ ಇತ್ತು ಮಾರಾಯ್ರೆ" ಅಂದ. ಮುಖ ಸಣ್ಣದಾಗಿತ್ತು.

ಡಿಸ್ಕಿನಲ್ಲಿದ್ದ ಫೋಲ್ಡರಿನ ಗಾತ್ರ ನೋಡಿದೆ. 38 ಎಂಬಿ. ಎಂಟು ತಾಸಿನ ಆಟ, ಮೂರು ಕ್ಯಾಮೆರಾ, ಬರೀ 38 ಎಂಬಿ ಆಗಲು ಸಾಧ್ಯವೇ ಇಲ್ಲ. "ತಮ್ಮಾ, ನೀನು ತಂದದ್ದು ಚೀಟಿ ಮಾತ್ರ. ಸಾಮಾನು ಮನೆಯಲ್ಲೇ ಉಳಿದಿದೆ" ಅಂದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಕಲರ್ ಗ್ರೇಡಿಂಗ್ ಕಲಿಯುತ್ತಾರೆ, ಟ್ರಾನ್ಸಿಷನ್ ಕಲಿಯುತ್ತಾರೆ. ಫೈಲ್ ಎಲ್ಲಿದೆ ಅನ್ನುವುದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಪ್ರಾಜೆಕ್ಟ್ ಫೈಲ್ ಅಂದರೆ ಉಗ್ರಾಣದ ಚೀಟಿ

ನಮ್ಮ ಕಡೆ ಮದುವೆ, ಉಪನಯನ ಅಂದರೆ ಮನೆಯಲ್ಲಿ ಒಂದು ಉಗ್ರಾಣ ಇರುತ್ತದೆ ಅಲ್ವಾ? ಅಡುಗೆ ಭಟ್ಟರ ಹತ್ತಿರ ಒಂದು ಚೀಟಿ. ಬೆಲ್ಲ ಅಟ್ಟದ ಮೇಲಿನ ಡಬ್ಬದಲ್ಲಿ, ಗೋಡಂಬಿ ಒಳಕೋಣೆಯ ಕಪಾಟಿನಲ್ಲಿ, ಹೋಳಿಗೆಗೆ ಇಷ್ಟು, ಪಾಯಸಕ್ಕೆ ಇಷ್ಟು. ಚೀಟಿಯಲ್ಲಿ ಬೆಲ್ಲ ಇರುವುದಿಲ್ಲ. ಬೆಲ್ಲ ಎಲ್ಲಿದೆ, ಎಷ್ಟು ತೆಗೆಯಬೇಕು, ಯಾವಾಗ ಹಾಕಬೇಕು ಅನ್ನುವುದಷ್ಟೇ ಇರುತ್ತದೆ.

ಎಡಿಟಿಂಗ್ ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲ್ ಕೂಡ ಹಾಗೇ. ನೀವು ಕ್ಲಿಪ್ 'ಇಂಪೋರ್ಟ್' ಮಾಡಿದಾಗ ವಿಡಿಯೋ ಪ್ರಾಜೆಕ್ಟಿನ ಒಳಗೆ ಬಂದು ಕೂರುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ. ಪ್ರಾಜೆಕ್ಟಿನಲ್ಲಿ ಅದರ ವಿಳಾಸ ಮಾತ್ರ ದಾಖಲಾಗುತ್ತದೆ: ಇಂಥ ಡ್ರೈವ್, ಇಂಥ ಫೋಲ್ಡರ್, ಇಂಥ ಹೆಸರು. ಜೊತೆಗೆ ಎಷ್ಟನೇ ಸೆಕೆಂಡಿನಿಂದ ಎಷ್ಟನೇ ಸೆಕೆಂಡಿನವರೆಗೆ ತೆಗೆದುಕೊಳ್ಳಬೇಕು, ಯಾವ ಬಣ್ಣ ಹಚ್ಚಬೇಕು ಅನ್ನುವ ಸೂಚನೆ. ಪ್ರೀಮಿಯರ್ ಪ್ರೋ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲ್ ನಿಜಕ್ಕೂ ಕುಗ್ಗಿಸಿಟ್ಟ ಒಂದು ಪಠ್ಯ ಫೈಲ್ ಅಷ್ಟೇ. ಅದಕ್ಕೇ ಟಿಬಿಗಟ್ಟಲೆ ವಿಡಿಯೋದ ಪ್ರಾಜೆಕ್ಟ್ ಕೂಡ ಕೆಲವೇ ಎಂಬಿಯಲ್ಲಿ ಮುಗಿಯುತ್ತದೆ, ಇಮೇಲ್‌ನಲ್ಲಿ ಕಳಿಸಬಹುದು.

ಇದರಲ್ಲಿ ದೊಡ್ಡ ಅನುಕೂಲ ಇದೆ. ನೀವು ಎಷ್ಟೇ ಕತ್ತರಿಸಿದರೂ ಮೂಲ ಕ್ಲಿಪ್‌ಗೆ ಒಂದು ಗೀರೂ ಬೀಳುವುದಿಲ್ಲ. ಆದರೆ ಯಾರೋ ಬೆಲ್ಲದ ಡಬ್ಬವನ್ನು ಅಟ್ಟದಿಂದ ಇಳಿಸಿ ಬೇರೆ ಕಡೆ ಇಟ್ಟರೆ ಚೀಟಿ ಹಿಡಿದುಕೊಂಡು ಹೋದವನಿಗೆ ಅಲ್ಲಿ ಏನೂ ಸಿಗುವುದಿಲ್ಲ. ಆ ಕೆಂಪು ಪರದೆಯ ಅರ್ಥ ಇಷ್ಟೇ. 'ನಿಮ್ಮ ವಿಡಿಯೋ ಹಾಳಾಗಿದೆ' ಅಂತ ಅದು ಹೇಳುತ್ತಿಲ್ಲ. 'ನೀವು ಹೇಳಿದ ಜಾಗದಲ್ಲಿ ನನಗೆ ಸಿಗಲಿಲ್ಲ' ಅನ್ನುತ್ತಿದೆ. ಗಾಬರಿ ಬೇಡ.

ವಿಳಾಸ ತಪ್ಪುವುದು ಹೇಗೆ? ಫೋಲ್ಡರಿನ ಹೆಸರು ಬದಲಿಸಿದಾಗ. ಫೈಲನ್ನು ಬೇರೆ ಕಡೆ ಸರಿಸಿದಾಗ. ವಿಂಡೋಸ್‌ನಲ್ಲಿ ಡ್ರೈವ್‌ನ ಅಕ್ಷರ ಬದಲಾದಾಗ: ನಿನ್ನೆ 'ಇ' ಆಗಿದ್ದ ಡಿಸ್ಕ್, ಇವತ್ತು ಪೆನ್‌ಡ್ರೈವ್ ಮೊದಲು ಹಾಕಿದ್ದಕ್ಕೆ 'ಎಫ್' ಆಗಿ ಬರುತ್ತದೆ. ಇದಕ್ಕೆ ಸುಲಭದ ಮದ್ದಿದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಎಡಿಟಿಂಗ್ ಡಿಸ್ಕಿಗೆ 'ವಿ' ಅಥವಾ 'ಎಕ್ಸ್' ತರಹದ, ಬೇರೆ ಯಾವುದಕ್ಕೂ ಬಾರದ ಅಕ್ಷರವೊಂದನ್ನು ಕೊಟ್ಟುಬಿಡಿ. ಆ ಕಂಪ್ಯೂಟರಿನಲ್ಲಿ ಅದು ಹಾಗೇ ಉಳಿಯುತ್ತದೆ. ಮ್ಯಾಕ್‌ನಲ್ಲಿ ಡಿಸ್ಕಿನ ಹೆಸರೇ ವಿಳಾಸದ ಭಾಗ. ಅಲ್ಲಿ ಡಿಸ್ಕಿನ ಹೆಸರು ಬದಲಿಸಬಾರದು.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೆಮೊರಿ ಕಾರ್ಡ್, ಪೆನ್‌ಡ್ರೈವ್ ಅಥವಾ ಡೌನ್‌ಲೋಡ್ಸ್ ಫೋಲ್ಡರಿನಿಂದ ನೇರವಾಗಿ ಟೈಮ್‌ಲೈನಿಗೆ ಎಳೆದು ಹಾಕುವುದು. ಆಗ ವಿಳಾಸ ಆ ಕಾರ್ಡಿನದ್ದೇ ಆಗುತ್ತದೆ. ಕಾರ್ಡ್ ತೆಗೆದಿರಿ, ಕ್ಲಿಪ್ ಹೋಯಿತು. ಕಾರ್ಡ್ ಫಾರ್ಮ್ಯಾಟ್ ಮಾಡಿದಿರಿ, ಶಾಶ್ವತವಾಗಿ ಹೋಯಿತು.

ಸರಿಪಡಿಸುವುದು ಕಷ್ಟವಲ್ಲ. ಪ್ರೀಮಿಯರ್‌ನಲ್ಲಿ ಆಫ್‌ಲೈನ್ ಕ್ಲಿಪ್ ಆರಿಸಿ 'ಲಿಂಕ್ ಮೀಡಿಯಾ' ಕೊಡಿ. ಒಂದು ಫೈಲ್ ತೋರಿಸಿದರೆ ಅದೇ ವ್ಯವಸ್ಥೆಯಲ್ಲಿರುವ ಉಳಿದವನ್ನು ಅದೇ ಹುಡುಕಿಕೊಳ್ಳುತ್ತದೆ. ಡಾವಿಂಚಿ ರಿಸಾಲ್ವ್ ಅನ್ನುವ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಮೀಡಿಯಾ ಪೂಲ್‌ನ (ಇಂಪೋರ್ಟ್ ಮಾಡಿದ್ದೆಲ್ಲ ಕಾಣುವ ಜಾಗ) ಕ್ಲಿಪ್‌ಗಳನ್ನು ಆರಿಸಿ 'ರಿಲಿಂಕ್' ಅಂದರೆ ಫೋಲ್ಡರ್ ಕೇಳುತ್ತದೆ. ಒಳಗಿನ ಉಪಫೋಲ್ಡರುಗಳನ್ನೂ ಜಾಲಾಡಿ ತರುತ್ತದೆ. ಎಚ್ಚರ ಇರಬೇಕಾದ್ದು ಒಂದೇ ಕಡೆ. ಕೆಲವು ಕ್ಯಾಮೆರಾಗಳು ಕಾರ್ಡ್ ಫಾರ್ಮ್ಯಾಟ್ ಮಾಡಿದ ಕೂಡಲೇ ಮತ್ತೆ ಒಂದನೇ ನಂಬರಿನಿಂದ ಹೆಸರಿಡುತ್ತವೆ. ಮೂರು ಕ್ಯಾಮೆರಾದಲ್ಲೂ 'ಸಿ0001' ಅನ್ನುವ ಕ್ಲಿಪ್ ಇದ್ದರೆ ಭಾಗವತರು ಬರಬೇಕಾದ ಕಡೆ ಪ್ರೇಕ್ಷಕರ ಸಾಲು ಬಂದು ಕೂರಬಹುದು. ಕ್ಯಾಮೆರಾದ ಮೆನುವಿನಲ್ಲಿ ಫೈಲ್ ಹೆಸರಿನ ಮೊದಲಕ್ಷರ ಬದಲಿಸುವ ಸೌಲಭ್ಯ ಇದ್ದರೆ ಮೂರಕ್ಕೂ ಬೇರೆ ಬೇರೆ ಕೊಡಿ. ಇಲ್ಲದಿದ್ದರೆ ಪ್ರತಿ ಕ್ಯಾಮೆರಾದ ಪ್ರತಿ ಕಾರ್ಡಿಗೂ ಒಂದೊಂದು ಫೋಲ್ಡರ್ ಇರಲಿ.

ಫೋಲ್ಡರಿನ ವಿಷಯದಲ್ಲಿ ನನ್ನ ಕ್ರಮ ಸರಳ. ಒಂದು ಕೆಲಸಕ್ಕೆ ಒಂದೇ ದೊಡ್ಡ ಫೋಲ್ಡರ್. ಅದರ ಹೆಸರು ತಾರೀಖಿನಿಂದ ಶುರು: ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಕೊನೆಗೆ ಊರು. ಹೀಗೆ ಬರೆದರೆ ಎಲ್ಲವೂ ತಾನಾಗೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಅದರೊಳಗೆ ಫೂಟೇಜ್ (ಕ್ಯಾಮೆರಾದ ಮೂಲ ವಿಡಿಯೋ), ಆಡಿಯೋ, ಫೋಟೋ ಮತ್ತು ಗ್ರಾಫಿಕ್ಸ್, ಪ್ರಾಜೆಕ್ಟ್, ಪ್ರಾಕ್ಸಿ (ಮೂಲ ಕ್ಲಿಪ್‌ಗಳ ಹಗುರ ಪ್ರತಿ, ಮುಂದೆ ಹೇಳುತ್ತೇನೆ), ಎಕ್ಸ್‌ಪೋರ್ಟ್ (ಸಿದ್ಧವಾದ ವಿಡಿಯೋ) ಅಂತ ಆರು ಫೋಲ್ಡರ್. ವಾಟ್ಸಾಪ್‌ನಲ್ಲಿ ಬಂದ ಮದುವೆ ಕರೆಯೋಲೆಯ ಚಿತ್ರವೂ ಮೊದಲು ಇಲ್ಲಿಗೆ ಬಂದು ಆಮೇಲೆ ಟೈಮ್‌ಲೈನಿಗೆ ಹೋಗಬೇಕು. ಹೆಸರುಗಳನ್ನು ಇಂಗ್ಲಿಷ್ ಅಕ್ಷರ ಮತ್ತು ಅಂಕಿಯಲ್ಲೇ ಬರೆಯುತ್ತೇನೆ. ಕನ್ನಡದಲ್ಲಿ ಬರೆಯುವ ಆಸೆ ನನಗೂ ಇದೆ. ಆದರೆ ಕೆಲವು ಪ್ಲಗಿನ್‌ಗಳು, ಹಳೆಯ ಸಾಫ್ಟ್‌ವೇರುಗಳು ಕನ್ನಡ ಹೆಸರಿನ ದಾರಿಯಲ್ಲಿ ತಡವರಿಸುತ್ತವೆ. ಕನ್ನಡದ ವಿವರಕ್ಕೆ ಒಳಗೊಂದು ಟಿಪ್ಪಣಿ ಫೈಲ್ ಇಡುತ್ತೇನೆ.

ವಾಟ್ಸಾಪ್ ಅಂದಾಗ ಇದನ್ನೂ ಹೇಳಬೇಕು. ಗೆಳೆಯರು ಡ್ರೋನ್ ಕ್ಲಿಪ್ಪನ್ನು ಸುಮ್ನೆ ವಿಡಿಯೋ ಅಂತ ಕಳಿಸಿದರೆ ಅದು ಕುಗ್ಗಿ, ಮಸುಕಾಗಿ ಬರುತ್ತದೆ. 'ಡಾಕ್ಯುಮೆಂಟ್' ಅಂತ ಕಳಿಸಲು ಹೇಳಿ. 2 ಜಿಬಿವರೆಗಿನ ಫೈಲ್ ಇದ್ದ ಹಾಗೇ ಬರುತ್ತದೆ.

ಬೀಜದ ಭತ್ತ ಯಾವುದು, ಅನ್ನ ಯಾವುದು

ಡಿಸ್ಕ್ ತುಂಬಿದಾಗ ಏನನ್ನು ಅಳಿಸಬೇಕು ಅನ್ನುವ ಪ್ರಶ್ನೆ ಬರುತ್ತದೆ. ಎಡಿಟಿಂಗ್‌ನಲ್ಲಿ ಹುಟ್ಟುವ ಫೈಲುಗಳು ಹತ್ತಾರು ಬಗೆ. ಆದರೆ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಇದು ಹೋದರೆ ಇದನ್ನು ಮತ್ತೆ ಮಾಡಿಕೊಳ್ಳಬಹುದಾ?

ಅನ್ನ ಖಾಲಿಯಾದರೆ ಮತ್ತೆ ಬೇಯಿಸಬಹುದು. ಬೀಜಕ್ಕೆ ಅಂತ ಎತ್ತಿಟ್ಟ ಭತ್ತ ಹೋದರೆ ಮುಂದಿನ ಬೆಳೆಯೇ ಇಲ್ಲ. ಕ್ಯಾಮೆರಾದಿಂದ ಬಂದ ಮೂಲ ಫೂಟೇಜ್, ಬೇರೆಯಾಗಿ ರೆಕಾರ್ಡ್ ಮಾಡಿದ ಧ್ವನಿ, ನೀವು ಮಾಡಿದ ಗ್ರಾಫಿಕ್ಸ್ ಮತ್ತು ಆ ಪುಟ್ಟ ಪ್ರಾಜೆಕ್ಟ್ ಫೈಲ್. ಇವು ಬೀಜದ ಭತ್ತ. ಕೆಲಸ ಬೇಗ ಸಾಗಲು ಸಾಫ್ಟ್‌ವೇರ್ ಮಾಡಿಟ್ಟುಕೊಳ್ಳುವ ಕ್ಯಾಶ್, ಪ್ರಿವ್ಯೂ ರೆಂಡರ್, ಪ್ರಾಕ್ಸಿ, ಆಪ್ಟಿಮೈಸ್ಡ್ ಮೀಡಿಯಾ ಎಲ್ಲ ಅನ್ನ. ಹೋದರೆ ಸಮಯ ಹೋಗುತ್ತದೆ, ಸರಕು ಹೋಗುವುದಿಲ್ಲ. ಫೈನಲ್ ಎಕ್ಸ್‌ಪೋರ್ಟ್ ಇವೆರಡರ ನಡುವಿನದ್ದು. ಬೀಜ ಇರುವತನಕ ಮತ್ತೆ ಮಾಡಬಹುದು, ಆದರೂ ಇಟ್ಟುಕೊಳ್ಳುವುದು ಒಳ್ಳೆಯದು.

ಬೇಜಾರಿನ ಸಂಗತಿ ಅಂದರೆ ಹೊಸಬರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಸಿ ಡ್ರೈವ್ ತುಂಬಿದೆ ಅಂತ ಸಂದೇಶ ಬಂದ ಕೂಡಲೇ ಫೂಟೇಜ್ ಅಳಿಸುತ್ತಾರೆ, ಯಾಕೆಂದರೆ ಕಣ್ಣಿಗೆ ಕಾಣುವುದು ಅದೇ. ಕ್ಯಾಶ್ ಮಾತ್ರ ಸದ್ದಿಲ್ಲದೆ ಬೆಳೆಯುತ್ತಲೇ ಇರುತ್ತದೆ. ಪ್ರೀಮಿಯರ್ ನೀವು ಹಾಕಿದ ಕ್ಲಿಪ್‌ಗಳ ಧ್ವನಿಯನ್ನು ಬೇಗ ನುಡಿಸಲು, ಅಲೆಯ ಚಿತ್ರ ಬೇಗ ತೋರಿಸಲು ತನಗೆ ಬೇಕಾದ ಹಾಗೆ ಸಣ್ಣಪುಟ್ಟ ಫೈಲುಗಳನ್ನು ಮಾಡಿಟ್ಟುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ನೀವು ಬದಲಿಸದಿದ್ದರೆ ಅವು ಸಿ ಡ್ರೈವ್‌ನ ಒಂದು ಅಡಗಿದ ಫೋಲ್ಡರಿನಲ್ಲಿ ಕೂರುತ್ತವೆ. ಮುಗಿದು ಹೋದ ಮದುವೆಗಳ ಕ್ಯಾಶ್ ಕೂಡ ಅಲ್ಲೇ ಬಿದ್ದಿರುತ್ತದೆ. ಪ್ರಿಫರೆನ್ಸಸ್‌ನಲ್ಲಿ 'ಮೀಡಿಯಾ ಕ್ಯಾಶ್' ಅನ್ನುವ ಪುಟ ಇದೆ. ಜಾಗ ಬದಲಿಸುವುದು, ಬಳಕೆಯಲ್ಲಿಲ್ಲದ್ದನ್ನು ಅಳಿಸುವುದು, ಇಷ್ಟು ದಿನಕ್ಕಿಂತ ಹಳೆಯದನ್ನು ತಾನಾಗೇ ತೆಗೆಯುವುದು, ಎಲ್ಲ ಅಲ್ಲೇ ಸಿಗುತ್ತವೆ. ಅಳಿಸಿದ ಮೇಲೆ ಪ್ರಾಜೆಕ್ಟ್ ತೆರೆದಾಗ ಮೊದಲ ಸಲ ಸ್ವಲ್ಪ ತಡವಾಗುತ್ತದೆ ಅಷ್ಟೇ.

ರಿಸಾಲ್ವ್‌ನಲ್ಲಿ 'ಪ್ಲೇಬ್ಯಾಕ್' ಮೆನುವಿನಲ್ಲಿ 'ಡಿಲೀಟ್ ರೆಂಡರ್ ಕ್ಯಾಶ್' ಇದೆ. ಅದನ್ನೇ ಬಳಸಿ. ಫೋಲ್ಡರಿಗೆ ಹೋಗಿ ಕೈಯಿಂದ ಅಳಿಸುವವರು ಒಂದು ವಿಷಯ ನೆನಪಿಡಬೇಕು. ಕ್ಯಾಶ್ ಇರುವ ಜಾಗದ ಪಕ್ಕದಲ್ಲೇ 'ಗ್ಯಾಲರಿ' ಅನ್ನುವ ಫೋಲ್ಡರ್ ಇರುತ್ತದೆ. ಬಣ್ಣ ಹೊಂದಿಸುವಾಗ ನೀವು ಉಳಿಸಿಟ್ಟ ಸ್ಟಿಲ್‌ಗಳು ಇರುವುದು ಅದರಲ್ಲಿ. ಅದು ಅನ್ನವಲ್ಲ, ಬೀಜ.

ರಿಸಾಲ್ವ್ ಬಳಸುವವರಿಗೆ ಇನ್ನೂ ಒಂದು ಮಾತು. ಇದನ್ನು ತಿಳಿಯದೆ ಕೆಲಸ ಕಳೆದುಕೊಂಡವರನ್ನು ನೋಡಿದ್ದೇನೆ. ರಿಸಾಲ್ವ್‌ನ ಪ್ರಾಜೆಕ್ಟ್ ನಿಮ್ಮ ಫೋಲ್ಡರಿನಲ್ಲಿ ಇರುವುದಿಲ್ಲ. ಅದರದ್ದೇ ಡೇಟಾಬೇಸ್ ಇದೆ, ಸಾಮಾನ್ಯವಾಗಿ ಅದು ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿ. ವಿಂಡೋಸ್ ಹೊಸದಾಗಿ ಹಾಕಿಸಲು ಕಂಪ್ಯೂಟರ್ ಕೊಟ್ಟಿರಿ ಅಂದುಕೊಳ್ಳಿ. ಫೂಟೇಜ್ ಹೊರಗಿನ ಡಿಸ್ಕಿನಲ್ಲಿ ಸುರಕ್ಷಿತ. ಆದರೆ ಎರಡು ತಿಂಗಳ ಕಟ್ ಪೂರ್ತಿ ಹೋಗುತ್ತದೆ. ಚೀಟಿಯೇ ಸುಟ್ಟ ಹಾಗೆ. ಪ್ರತಿದಿನ ಕೆಲಸ ಮುಗಿದ ಮೇಲೆ ಪ್ರಾಜೆಕ್ಟ್ ಮ್ಯಾನೇಜರ್‌ನಿಂದ ಪ್ರಾಜೆಕ್ಟನ್ನು ಎಕ್ಸ್‌ಪೋರ್ಟ್ ಮಾಡಿದರೆ ಒಂದು 'ಡಿಆರ್‌ಪಿ' ಫೈಲ್ ಸಿಗುತ್ತದೆ. ಅದನ್ನು ಪ್ರಾಜೆಕ್ಟ್ ಫೋಲ್ಡರಿಗೆ ಹಾಕಿ, ಒಂದು ಪ್ರತಿಯನ್ನು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಒಂದು ನಿಮಿಷದ ಕೆಲಸ.

ಒಂದು ರಾತ್ರಿಯ ಆಟಕ್ಕೆ ಎಷ್ಟು ಜಾಗ ಬೇಕು

ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ 100 ಎಂಬಿಪಿಎಸ್, 50 ಎಂಬಿಪಿಎಸ್ ಅಂತ ಇರುತ್ತದೆ. ಇದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅನ್ನುವ ಲೆಕ್ಕ. ನಮ್ಮ ಡಿಸ್ಕಿನ ಲೆಕ್ಕ ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಅನ್ನು 8ರಿಂದ ಭಾಗಿಸಿ: ಸೆಕೆಂಡಿಗೆ 12.5 ಎಂಬಿ. ನಿಮಿಷಕ್ಕೆ 750 ಎಂಬಿ. ತಾಸಿಗೆ 45 ಜಿಬಿ. ಎಂಟು ತಾಸಿನ ಆಟಕ್ಕೆ 360 ಜಿಬಿ. ಮೂರು ಕ್ಯಾಮೆರಾ ಅಂದರೆ 1,080 ಜಿಬಿ.

ಈಗ 1 ಟಿಬಿ ಡಿಸ್ಕ್ ತಂದಿದ್ದೀರಿ ಅಂದುಕೊಳ್ಳಿ. ವಿಂಡೋಸ್ ಅದನ್ನು 931 ಜಿಬಿ ಅಂತ ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದರು ಅಂತ ಜಗಳಕ್ಕೆ ಹೋಗಬೇಡಿ. ತಯಾರಿಸುವವರು 1,000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಏನೇ ಆದರೂ ಒಂದು ರಾತ್ರಿಯ ಆಟ ಆ ಡಿಸ್ಕಿನಲ್ಲಿ ಹಿಡಿಯುವುದಿಲ್ಲ. ಶೂಟಿಂಗ್‌ಗೆ ಹೊರಡುವ ಮೊದಲೇ ಈ ಗುಣಾಕಾರ ಮಾಡಿ. ರಾತ್ರಿ ಎರಡು ಗಂಟೆಗೆ ಕಾರ್ಡ್ ತುಂಬಿದಾಗ ಮಾಡುವ ಲೆಕ್ಕ ಅಲ್ಲ ಇದು.

ಹಾಗಾದರೆ ಕ್ಯಾಮೆರಾ ಸೆಟ್ಟಿಂಗ್ ಇಳಿಸಬಹುದಾ? ಖಂಡಿತ. ದೂರದಿಂದ ಇಡೀ ರಂಗಸ್ಥಳವನ್ನು ಹಿಡಿಯುವ, ಅಲುಗಾಡದ ಕ್ಯಾಮೆರಾಕ್ಕೆ 50 ಸಾಕು ಅನ್ನುವುದು ನನ್ನ ಅನುಭವ. ಕುಣಿತದ ಹತ್ತಿರದ ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಮಾತ್ರ 100 ಇರಲಿ.

ವಿಡಿಯೋ ಯಾಕೆ ತಡವರಿಸುತ್ತದೆ

ಜಾಗ ಇದ್ದರೂ ವೇಗ ಇರಬೇಕಲ್ಲ. ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು ಡಿಸ್ಕಿನದ್ದು. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು ಎಂಬಿಗಿಂತ ಜಾಸ್ತಿಯೇ ಓದಬಲ್ಲದು. ಮೂರು ಕ್ಯಾಮೆರಾದ ಕ್ಲಿಪ್‌ಗೆ ಬೇಕಾದ್ದು 37.5 ಎಂಬಿ. ಮತ್ತೆ ಯಾಕೆ ತಡವರಿಸುತ್ತದೆ? ಡಿಸ್ಕಿನೊಳಗೆ ಓದುವ ತಲೆ ಒಂದು ಕಡೆಯಿಂದ ಇನ್ನೊಂದು ಕಡೆ ಚಲಿಸಬೇಕು. ಮೂರೂ ಕ್ಲಿಪ್ ಡಿಸ್ಕಿನ ಬೇರೆ ಬೇರೆ ಜಾಗದಲ್ಲಿವೆ. ಒಂದು ಚೂರು ಇಲ್ಲಿ ಓದಿ, ಓಡಿಹೋಗಿ ಅಲ್ಲಿ ಓದಿ, ಮತ್ತೆ ಇನ್ನೊಂದು ಕಡೆ. ಒಬ್ಬನೇ ಮೂರು ಪಂಕ್ತಿಗೆ ಬಡಿಸಿದ ಹಾಗೆ. ಬಡಿಸುವುದಕ್ಕಿಂತ ಓಡಾಟಕ್ಕೇ ಹೊತ್ತು ಹೋಗುತ್ತದೆ. ಎಸ್‌ಎಸ್‌ಡಿ ಅಂದರೆ ಚಿಪ್‌ಗಳಲ್ಲಿ ಬರೆಯುವ ಡಿಸ್ಕ್. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಓಡಾಟವೂ ಇಲ್ಲ. ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ 500 ಎಂಬಿಯ ಆಸುಪಾಸಿನಲ್ಲಿ ಓದುತ್ತದೆ. ಆದ್ದರಿಂದ ಕೈಯಲ್ಲಿರುವ ಕೆಲಸ ಎಸ್‌ಎಸ್‌ಡಿಯಲ್ಲಿ, ಮುಗಿದ ಕೆಲಸ ಹಾರ್ಡ್ ಡಿಸ್ಕಿನಲ್ಲಿ. ಕೇಬಲ್ ಮತ್ತು ಪೋರ್ಟ್ ಕೂಡ ನೋಡಿ. ಹಳೆಯ ಯುಎಸ್‌ಬಿ 2.0 ಪೋರ್ಟಿಗೆ ಹಾಕಿದರೆ ಎಂಥ ಡಿಸ್ಕ್ ಆದರೂ ಸೆಕೆಂಡಿಗೆ 30, 40 ಎಂಬಿಯಲ್ಲೇ ನಿಲ್ಲುತ್ತದೆ.

ಎರಡನೆಯದು ಫೈಲಿನ ಒಳಗಿನ ಬರವಣಿಗೆಯದ್ದು. ಆಟ ನಡೆಯುತ್ತಿರುವಾಗ ರಂಗಸ್ಥಳದ ಕಂಬ, ಹಿಂದಿನ ಪರದೆ, ಹಿಮ್ಮೇಳದವರು ಕೂತ ಜಾಗ ಬದಲಾಗುವುದಿಲ್ಲ. ವೇಷ ಮಾತ್ರ ಚಲಿಸುತ್ತದೆ. ಹೆಚ್ಚಿನ ಕ್ಯಾಮೆರಾ, ಫೋನುಗಳು ಬಳಸುವ ಎಚ್.264, ಎಚ್.265 ಪದ್ಧತಿ ಇದನ್ನೇ ಬಳಸಿಕೊಂಡು ಜಾಗ ಉಳಿಸುತ್ತದೆ. ಆಗೊಮ್ಮೆ ಈಗೊಮ್ಮೆ ಒಂದು ಚಿತ್ರವನ್ನು ಪೂರ್ತಿ ಬರೆಯುತ್ತದೆ. ನಡುವಿನ ಚಿತ್ರಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ಬರೆಯುತ್ತದೆ. ನೋಡುವವರಿಗೆ ಇದರಿಂದ ತೊಂದರೆ ಇಲ್ಲ, ಮೊದಲಿನಿಂದ ಕೊನೆಗೆ ಒಂದೇ ದಿಕ್ಕು. ಎಡಿಟ್ ಮಾಡುವವರು ಹಾಗಲ್ಲ, ಹಿಂದೆ ಮುಂದೆ ಜಿಗಿಯುತ್ತೇವೆ. ನಡುವಿನ ಒಂದು ಚಿತ್ರದ ಮೇಲೆ ನಿಂತರೆ ಕಂಪ್ಯೂಟರ್ ಹಿಂದಿನ ಪೂರ್ತಿ ಚಿತ್ರಕ್ಕೆ ಹೋಗಿ, ಅಲ್ಲಿಂದ ಬದಲಾವಣೆಗಳನ್ನು ಕೂಡಿಸುತ್ತ ಬರಬೇಕು. ಸಣ್ಣ ಫೈಲೇ ಕಂಪ್ಯೂಟರಿಗೆ ಭಾರವಾಗುವುದು ಇದಕ್ಕೇ. ಎಷ್ಟು ವೇಗದ ಡಿಸ್ಕ್ ತಂದರೂ ಈ ಭಾರ ಇಳಿಯುವುದಿಲ್ಲ.

ಇದಕ್ಕೆ ಪರಿಹಾರ ಪ್ರಾಕ್ಸಿ. ಮೂಲ ಕ್ಲಿಪ್‌ನ ಸಣ್ಣ ಅಳತೆಯ ಪ್ರತಿಯೊಂದನ್ನು, ಪ್ರತಿ ಚಿತ್ರವನ್ನೂ ಪೂರ್ತಿ ಬರೆಯುವ ಪದ್ಧತಿಯಲ್ಲಿ ಮಾಡಿಟ್ಟುಕೊಳ್ಳುವುದು. ಪ್ರೋರೆಸ್ ಪ್ರಾಕ್ಸಿ ಅಂಥದ್ದೊಂದು. 720 ಅಳತೆಯಲ್ಲಿ, ಸೆಕೆಂಡಿಗೆ ಸುಮಾರು 30 ಚಿತ್ರದ ಲೆಕ್ಕದಲ್ಲಿ, ತಾಸಿಗೆ 9 ಜಿಬಿ ಆಗುತ್ತದೆ. ನಮ್ಮ ಮೂರು ಕ್ಯಾಮೆರಾದ ಎಂಟು ತಾಸಿಗೆ 216 ಜಿಬಿ. 500 ಜಿಬಿಯ ಸಣ್ಣ ಎಸ್‌ಎಸ್‌ಡಿಯಲ್ಲಿ ಆರಾಮಾಗಿ ಕೂರುತ್ತದೆ. ಎಡಿಟ್ ಮಾಡುವಾಗ ಪ್ರಾಕ್ಸಿ ಕಾಣುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ಮೂಲ ಕ್ಲಿಪ್ಪನ್ನೇ ತೆಗೆದುಕೊಳ್ಳುತ್ತದೆ, 'ಯೂಸ್ ಪ್ರಾಕ್ಸಿ' ಅನ್ನುವ ಗುರುತು ಹಾಕಿರಬಾರದು ಅಷ್ಟೇ. ಆ ಹೊತ್ತಿಗೆ ಮೂಲ ಫೂಟೇಜ್ ಇರುವ ಡಿಸ್ಕ್ ಜೋಡಿಸಿರಲೇಬೇಕು. ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಹೊಸದನ್ನು ಕೊಳ್ಳುವ ಮೊದಲು ಪ್ರಾಕ್ಸಿ ಮಾಡಿ ನೋಡಿ ಅಂತಲೇ ನಾನು ಹೇಳುವುದು. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಸಿದ್ಧವಾಗಿರುತ್ತದೆ.

ಕಾರ್ಡ್ ಖಾಲಿ ಮಾಡುವ ಹೊತ್ತು

ನನಗೆ ಇವತ್ತಿಗೂ ನೋವಾಗುವ ಒಂದು ರಾತ್ರಿ ಇದೆ. ಹೊನ್ನಾವರ ಕಡೆ ಒಂದು ಆಟ. ಮೇಜಿನ ಮೇಲೆ ಒಂದೇ ಥರದ ಎರಡು ಕಾರ್ಡ್. ಒಂದು ಕಾಪಿ ಆಗಿತ್ತು, ಇನ್ನೊಂದು ಆಗಿರಲಿಲ್ಲ. ಬೆಳಗಿನ ಜಾವ ಕ್ಯಾಮೆರಾಕ್ಕೆ ಕಾರ್ಡ್ ಬೇಕಾಯಿತು. ಕಾಪಿ ಆಗದ ಕಾರ್ಡನ್ನು ಎತ್ತಿಕೊಂಡು ಫಾರ್ಮ್ಯಾಟ್ ಮಾಡಿದೆ, ಅದರ ಮೇಲೆಯೇ ಮತ್ತೆ ಶೂಟ್ ಮಾಡಿದೆ. ಮಧ್ಯರಾತ್ರಿಯ ನಲವತ್ತು ನಿಮಿಷ ಹೋಯಿತು. ಭಾಗವತರು ಆ ರಾತ್ರಿ ಒಂದು ಪದ್ಯವನ್ನು ಎಳೆದೆಳೆದು ಹಾಡಿದ್ದರು, ಚಂಡೆ ನಿಂತು ಮದ್ದಳೆ ಮಾತ್ರ ನುಡಿಯುತ್ತಿತ್ತು. ಕಿವಿಯಲ್ಲಿ ಇದೆ, ಡಿಸ್ಕಿನಲ್ಲಿ ಇಲ್ಲ.

ಬರೀ ಫಾರ್ಮ್ಯಾಟ್ ಆಗಿದ್ದರೆ ಉಳಿಸಿಕೊಳ್ಳುವ ಆಸೆ ಇತ್ತು. ಮಾಮೂಲಿ ಫಾರ್ಮ್ಯಾಟ್ ಹೆಚ್ಚಾಗಿ ಪಟ್ಟಿಯನ್ನು ಮಾತ್ರ ಅಳಿಸುತ್ತದೆ, ಸರಕು ಒಳಗೇ ಇರುತ್ತದೆ. ಕೂಡಲೇ ಕಾರ್ಡ್ ತೆಗೆದಿಟ್ಟು ಫೋಟೋರೆಕ್ ತರಹದ ಉಚಿತ ಸಾಫ್ಟ್‌ವೇರ್ ಓಡಿಸಿದರೆ ಎಷ್ಟೋ ಸಿಗುತ್ತದೆ. ಮೇಲೆ ಹೊಸದು ಬರೆದಾಗ ಮಾತ್ರ ದಾರಿ ಮುಚ್ಚುತ್ತದೆ.

ಅಂದಿನಿಂದ ಕಾರ್ಡಿಗೆ ಎರಡು ಡಬ್ಬ ಮಾಡಿದ್ದೇನೆ. ಶೂಟ್ ಆದ ಕಾರ್ಡ್ ಹೊರಬಂದ ಕೂಡಲೇ ಅದರ ಬದಿಯ ಸಣ್ಣ ಲಾಕ್ ಸರಿಸಿ ಕೆಂಪು ಡಬ್ಬಕ್ಕೆ. ಎರಡು ಡಿಸ್ಕಿಗೆ ಕಾಪಿಯಾಗಿ, ತೆರೆದು ನೋಡಿದ ಮೇಲಷ್ಟೇ ಬಿಳಿ ಡಬ್ಬಕ್ಕೆ. ಫಾರ್ಮ್ಯಾಟ್ ಮಾಡುವುದು ಬಿಳಿ ಡಬ್ಬದ್ದನ್ನು ಮಾತ್ರ.

ಕಾಪಿ ಮಾಡುವಾಗ ಕಾರ್ಡಿನ ಒಳಗಿಂದ ವಿಡಿಯೋ ಫೈಲುಗಳನ್ನಷ್ಟೇ ಆರಿಸಿ ತರಬೇಡಿ. ಕಾರ್ಡನ್ನು ಇದ್ದ ಹಾಗೇ ಪೂರ್ತಿ ತನ್ನಿ. ಉದ್ದದ ರೆಕಾರ್ಡಿಂಗನ್ನು ಹಲವು ಕ್ಯಾಮೆರಾಗಳು ತುಂಡು ಮಾಡಿ ಬರೆಯುತ್ತವೆ. 32 ಜಿಬಿವರೆಗಿನ ಕಾರ್ಡುಗಳಲ್ಲಿ ಬಳಸುವ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. 100 ಎಂಬಿಪಿಎಸ್‌ನಲ್ಲಿ ಅದು ಐದೂವರೆ ನಿಮಿಷಕ್ಕೇ ತುಂಬುತ್ತದೆ. ಈ ತುಂಡುಗಳನ್ನು ಹೊಲಿಯುವ ಮಾಹಿತಿ ಬೇರೆ ಫೋಲ್ಡರುಗಳಲ್ಲಿ ಇರಬಹುದು. ಅದನ್ನು ಬಿಟ್ಟು ಬಂದರೆ ಕೀಲಿನಲ್ಲಿ ಧ್ವನಿ ಹಾರುತ್ತದೆ.

ಕಾಪಿ ಸರಿಯಾಯಿತು ಅಂತ ಗೊತ್ತಾಗುವುದು ಹೇಗೆ? ಗಾತ್ರ ಹೊಂದಿದರೆ ಅರ್ಧ ನಂಬಬಹುದು. ಪೂರ್ತಿ ನಂಬಲು ಚೆಕ್‌ಸಮ್ ಬೇಕು. ಮೂಲ ಫೈಲಿನ ಪ್ರತಿ ಬೈಟನ್ನೂ ಓದಿ ಒಂದು ಸಂಖ್ಯೆ ತೆಗೆಯುವುದು, ಪ್ರತಿಯನ್ನೂ ಓದಿ ಸಂಖ್ಯೆ ತೆಗೆಯುವುದು, ಎರಡೂ ಒಂದೇನಾ ನೋಡುವುದು. ಒಂದು ಬಿಟ್ ಬದಲಾದರೂ ಸಂಖ್ಯೆ ಬದಲಾಗುತ್ತದೆ. ರಿಸಾಲ್ವ್‌ನ ಮೀಡಿಯಾ ಪುಟದಲ್ಲಿರುವ 'ಕ್ಲೋನ್ ಟೂಲ್' ಇದನ್ನು ಮಾಡುತ್ತದೆ. ಕಾಪಿ ಮಾಡುವ ಸಾಫ್ಟ್‌ವೇರ್ ಟೆರಾಕಾಪಿಯಲ್ಲೂ ಆಗುತ್ತದೆ. ಸಮಯದ ಅಂದಾಜು ಇರಲಿ: 128 ಜಿಬಿ ಕಾರ್ಡ್, ಸೆಕೆಂಡಿಗೆ 90 ಎಂಬಿ ಓದುವ ರೀಡರ್, ಸುಮಾರು 24 ನಿಮಿಷ. ಅದೇ ಯುಎಸ್‌ಬಿ 2.0 ರೀಡರಿನಲ್ಲಿ ಒಂದು ತಾಸಿಗೂ ಮೇಲೆ. ಒಳ್ಳೆಯ ರೀಡರಿಗೆ ಹಾಕಿದ ದುಡ್ಡು ದಂಡವಲ್ಲ.

ಮಳೆಗಾಲ, ಉಪ್ಪು ಗಾಳಿ, ಕರೆಂಟು

ನಮ್ಮ ಜಿಲ್ಲೆಯ ತೊಂದರೆಗಳು ಯಾವ ಸಾಫ್ಟ್‌ವೇರಿನ ಕೈಪಿಡಿಯಲ್ಲೂ ಇರುವುದಿಲ್ಲ. ಘಟ್ಟದ ಮೇಲೆ ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಮ್ಯಾಕ್‌ಗೂ ವಿಂಡೋಸ್‌ಗೂ ಆಗುತ್ತದೆ ಅಂತ ಹೊರಗಿನ ಡಿಸ್ಕನ್ನು ಹೆಚ್ಚಿನವರು ಎಕ್ಸ್‌ಫ್ಯಾಟ್ ಅನ್ನುವ ಫೈಲ್ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡುತ್ತಾರೆ. ಅದರಲ್ಲಿ ಜರ್ನಲ್ ಇಲ್ಲ, ಅಂದರೆ ಅರ್ಧಕ್ಕೆ ನಿಂತ ಬರವಣಿಗೆಯ ದಿನಚರಿ ಇಲ್ಲ. ಬರೆಯುವ ಮಧ್ಯೆ ಕರೆಂಟು ಹೋದರೆ ಪಟ್ಟಿಯೇ ಕೆಡಬಹುದು. ವಿಂಡೋಸ್ ಮಾತ್ರ ಬಳಸುವವರಿಗೆ ಆ ದಿನಚರಿ ಇರುವ ಎನ್‌ಟಿಎಫ್‌ಎಸ್ ವ್ಯವಸ್ಥೆ ಮೇಲು. ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಬೇಕೇ ಬೇಕು. ಡಿಸ್ಕ್ ಕೀಳುವ ಮೊದಲು 'ಇಜೆಕ್ಟ್' ಕೊಡುವುದನ್ನು ಬಿಡಬೇಡಿ.

ಘಟ್ಟದ ಕೆಳಗೆ, ಕಾರವಾರ, ಅಂಕೋಲೆ ಕಡೆ ಉಪ್ಪು ಗಾಳಿ. ಯುಎಸ್‌ಬಿ ಪೋರ್ಟಿನ ತಗಡು ತುಕ್ಕು ಹಿಡಿಯುತ್ತದೆ. ಮಾಮೂಲಿ ಹಾರ್ಡ್ ಡಿಸ್ಕ್ ಪೂರ್ತಿ ಮುಚ್ಚಿದ ಪೆಟ್ಟಿಗೆಯೂ ಅಲ್ಲ. ಒಳಗಿನ, ಹೊರಗಿನ ಒತ್ತಡ ಸಮ ಇರಲು ಅದಕ್ಕೊಂದು ಸಣ್ಣ ಉಸಿರಾಟದ ತೂತು ಇರುತ್ತದೆ. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅಷ್ಟು ಸಾಕು. ಗೋಡೆಗೆ ತಾಗಿದ ಕಪಾಟು ಬೇಡ, ಆಷಾಢದಲ್ಲಿ ಗೋಡೆಯೇ ಬೆವರುತ್ತದೆ. ಎಸಿ ಕೋಣೆಯಿಂದ ಹೊರತಂದ ತಣ್ಣನೆಯ ಡಿಸ್ಕಿನ ಮೇಲೆ ನೀರು ಕೂರುತ್ತದೆ. ಅರ್ಧ ತಾಸು ಬಿಟ್ಟು ಹಾಕಿ.

ಎತ್ತಿಡುವುದು

ಬಳಕೆಯಲ್ಲಿರುವ ಒಂದು ಸೂತ್ರ ಇದೆ: ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಕ್ಲೌಡ್‌ಗೆ ಹಾಕೋಣ ಅನ್ನುವವರು ಲೆಕ್ಕ ನೋಡಿ. 360 ಜಿಬಿಯನ್ನು 20 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ ಕಳಿಸಲು 40 ತಾಸು, ನಡುವೆ ಒಮ್ಮೆಯೂ ನೆಟ್ ಹೋಗಬಾರದು. ನಾನು ಪ್ರಾಜೆಕ್ಟ್ ಫೈಲು, ಗ್ರಾಫಿಕ್ಸ್, ಫೈನಲ್ ವಿಡಿಯೋ ಮಾತ್ರ ಕ್ಲೌಡಿಗೆ ಹಾಕುತ್ತೇನೆ. ಫೂಟೇಜ್ ಎರಡು ಹಾರ್ಡ್ ಡಿಸ್ಕಿನಲ್ಲಿ, ಎರಡು ಮನೆಯಲ್ಲಿ. ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ಎತ್ತಿಡಲು ಬಳಸುವುದಿಲ್ಲ. ಕರೆಂಟಿಲ್ಲದೆ ಬಹಳ ಕಾಲ ಇದ್ದರೆ ಅದರೊಳಗಿನ ವಿದ್ಯುದಂಶ ಸೋರಿ ಮಾಹಿತಿ ಹೋಗುವ ಭಯ ಇದೆ.

ಎತ್ತಿಡುವ ಮೊದಲು ಎಲ್ಲವನ್ನೂ ಒಂದೇ ಕಡೆ ಸೇರಿಸಲು ಸಾಫ್ಟ್‌ವೇರಿನಲ್ಲೇ ಸೌಲಭ್ಯ ಇದೆ. ಪ್ರೀಮಿಯರ್‌ನ 'ಪ್ರಾಜೆಕ್ಟ್ ಮ್ಯಾನೇಜರ್' ಎಲ್ಲೆಲ್ಲೋ ಚದುರಿದ ಫೈಲುಗಳನ್ನು ಹುಡುಕಿ ಹೊಸ ಫೋಲ್ಡರಿಗೆ ಕಾಪಿ ಮಾಡುತ್ತದೆ. ರಿಸಾಲ್ವ್‌ನಲ್ಲಿ 'ಪ್ರಾಜೆಕ್ಟ್ ಆರ್ಕೈವ್', ಉಚಿತವಾದ ಕೆಡೆನ್‌ಲೈವ್‌ನಲ್ಲೂ 'ಆರ್ಕೈವ್ ಪ್ರಾಜೆಕ್ಟ್' ಇದೆ. ಆಮೇಲೆ ಪ್ರಾಕ್ಸಿ, ಕ್ಯಾಶ್ ಅಳಿಸಿ.

ಎಲ್ಲವನ್ನೂ ಎಂದೆಂದಿಗೂ ಇಡಬೇಕಾ? ಮದುವೆಯ ಫೂಟೇಜನ್ನು ವಿಡಿಯೋ ಕೊಟ್ಟು ಆರು ತಿಂಗಳಾದ ಮೇಲೆ ಅಳಿಸುತ್ತೇನೆ. ಮುಂಗಡ ತೆಗೆದುಕೊಳ್ಳುವಾಗಲೇ ಅದನ್ನು ಬರೆದು ಕೊಟ್ಟಿರುತ್ತೇನೆ. ಡಿಸ್ಕ್ ತಂದುಕೊಟ್ಟರೆ ಮೂಲವನ್ನೂ ಕೊಡುತ್ತೇನೆ. ಆದರೆ ಆಟ, ಸುಗ್ಗಿ ಕುಣಿತ, ಹಿರಿಯರ ಹಾಡು ಇವುಗಳ ಒಂದು ಕ್ಲಿಪ್ಪನ್ನೂ ಅಳಿಸುವುದಿಲ್ಲ. ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ಹೋದರು. ಹಾಲಕ್ಕಿ ಹಾಡುಗಳ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ಹೋದರು. ಅವರನ್ನು ಹಿಡಿದಿಟ್ಟ ಹಳೆಯ ಕ್ಯಾಸೆಟ್ಟುಗಳು ಯಾರ ಯಾರ ಮನೆಯ ಅಟ್ಟದಲ್ಲಿ ಬೂಸಲು ಹಿಡಿಯುತ್ತಿವೆಯೋ. ಒಂದು ತಾಸಿನ ಮಿನಿಡಿವಿ ಟೇಪನ್ನು ಕಂಪ್ಯೂಟರಿಗೆ ಇಳಿಸಿದರೆ ಆಗುವುದು ಸುಮಾರು 13 ಜಿಬಿ. ನಿಮ್ಮ ಮನೆಯಲ್ಲಿದ್ದರೆ ಈ ಮಳೆಗಾಲಕ್ಕೆ ಮೊದಲೇ ಇಳಿಸಿಕೊಳ್ಳಿ. ಟೇಪು ಓಡಿಸುವ ಕ್ಯಾಮೆರಾಗಳೂ ಕಡಿಮೆಯಾಗುತ್ತಿವೆ.

ಕುಮಟೆಯ ಹುಡುಗ ಮುಂದಿನ ವಾರ ಮತ್ತೆ ಬಂದ. ಈ ಸಲ 2 ಟಿಬಿ ಡಿಸ್ಕ್, ಒಳಗೆ ಇಡೀ ಫೋಲ್ಡರ್. ರಿಲಿಂಕ್ ಕೊಟ್ಟೆವು. ಟೈಮ್‌ಲೈನಿನ ಕೆಂಪು ಒಂದೊಂದೇ ಆರಿ ಚಿತ್ರ ಬಂತು. ನಾಲ್ಕು ಕ್ಲಿಪ್ ಮಾತ್ರ ಕೆಂಪಾಗೇ ಉಳಿಯಿತು. ಚಂಡೆ ಬಾರಿಸುವ ಕೈಗಳ ಹತ್ತಿರದ ಚಿತ್ರ, ಗೆಳೆಯನ ಫೋನಿನಲ್ಲಿ ತೆಗೆದದ್ದು, ಪೆನ್‌ಡ್ರೈವ್‌ನಿಂದ ನೇರ ಎಳೆದು ಹಾಕಿದ್ದ. ಪೆನ್‌ಡ್ರೈವ್ ಈಗ ಖಾಲಿ. ಅಲ್ಲಿಂದಲೇ ಗೆಳೆಯನಿಗೆ ಫೋನ್ ಮಾಡಿದ. ಪುಣ್ಯಕ್ಕೆ ಅವನು ಅಳಿಸಿರಲಿಲ್ಲ. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ, ಬಂದದ್ದನ್ನು ಮೊದಲು ಫೂಟೇಜ್ ಫೋಲ್ಡರಿಗೆ ಹಾಕಿ, ಆಮೇಲೆ ಲಿಂಕ್ ಮಾಡಿದೆವು.

ರಾತ್ರಿ ರೆಂಡರ್ ಮುಗಿಯಿತು. ಬೆಳಿಗ್ಗೆ ಹೊರಡುವಾಗ ಅವನೇ ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿ ನನ್ನ ಕಪಾಟಿನ ಡಬ್ಬದಲ್ಲಿ ಇಟ್ಟ. ಒಂದು ಘಟ್ಟದ ಕೆಳಗೆ, ಒಂದು ಘಟ್ಟದ ಮೇಲೆ. ಮೇಲೊಂದು ಚೀಟಿ ಅಂಟಿಸಿದ: ಊರು, ತಾರೀಖು, ಮೂರು ಕ್ಯಾಮೆರಾ, ಒಟ್ಟು ಕಾರ್ಡ್ ಎಷ್ಟು, ಕೊನೆಯ ಸಲ ತೆರೆದು ನೋಡಿದ ದಿನ. ಆ ಕೊನೆಯ ಸಾಲಿನ ಮುಂದೆ ಆರು ತಿಂಗಳಿಗೊಮ್ಮೆ ನಾನು ಹೊಸ ತಾರೀಖು ಬರೆಯುತ್ತೇನೆ.